ಮಂಗಳವಾರ, ಶುಕ್ರವಾರದ ಓಮ್ನಿಯಿಂದ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ಜಿಲ್ಲಾ ಉಸ್ತುವಾರಿ ಸಚಿವರು ಹಾಗೂ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಚಿಕ್ಕಮಗಳೂರು.

ವಿಷಯ: ವಯಸ್ಸಾದವರ ಕಿಡ್ನಿ ಕೈಕೊಟ್ಟಾಗ ಊರಿಗೊಂದು ಥರ ಚಿಕಿತ್ಸೆ ಆಗುತ್ತಿರುವ ಬಗ್ಗೆ.

ಮಾನ್ಯರೇ,

ನಾನು ಡಾಕ್ಟರಲ್ಲ, ಹೋರಾಟಗಾರನೂ ಅಲ್ಲ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲಿ ಓಮ್ನಿ ಓಡಿಸುತ್ತೇನೆ. ಮದುವೆ, ತಿಥಿ, ಶೃಂಗೇರಿ, ಹೊರನಾಡು, ಶಾಲೆ ಮಕ್ಕಳು, ಯಾವ ಬಾಡಿಗೆ ಬಂದರೂ ಹೋಗುತ್ತಿದ್ದೆ. ಐದು ವರ್ಷದಿಂದ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬೇರೆ ಬಾಡಿಗೆ ಒಪ್ಪಿಕೊಳ್ಳುವುದಿಲ್ಲ. ಆ ಎರಡು ದಿನ ಡಯಾಲಿಸಿಸ್, ಅಂದರೆ ಕಿಡ್ನಿ ಕೈಕೊಟ್ಟವರ ರಕ್ತವನ್ನು ಮಿಷನ್ನಿನಲ್ಲಿ ಸೋಸುವ ಚಿಕಿತ್ಸೆ.

ಮೊದಲ ಎರಡೂವರೆ ವರ್ಷ ನಮ್ಮ ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದೆ. ದಾರಿಯಲ್ಲಿ ಇನ್ನಿಬ್ಬರು ಹತ್ತುತ್ತಿದ್ದರು, ಬಾಡಿಗೆ ಹಂಚಿಕೊಳ್ಳುತ್ತಿದ್ದರು. ಅವ್ವ ಹೋದಮೇಲೆ ಆ ರಸ್ತೆಗೆ ಮತ್ತೆ ಹೋಗಬಾರದು ಅಂದುಕೊಂಡಿದ್ದೆ. ಹದಿಮೂರನೇ ದಿನದ ಕಾರ್ಯ ಮುಗಿದ ಮರುದಿನವೇ ಮೇಷ್ಟ್ರ ಫೋನು. "ನಿನ್ನ ದುಃಖ ನಂಗೆ ಅರ್ಥ ಆಗತ್ತೆ ಮಾರಾಯ. ಆದ್ರೆ ಗಾಡಿ ನಿಲ್ಲಿಸಿಬಿಡ್ಬೇಡ." ಅಂದಿನಿಂದ ಮತ್ತೆ ಶುರು. ಈಗ ಮೂರು ಜನ ಬರುತ್ತಾರೆ. ರಿಟೈರಾದ ಮೇಷ್ಟ್ರಿಗೆ 76. ಸಣ್ಣ ತೋಟ ಇಟ್ಟುಕೊಂಡಿರುವ ಗೌಡ್ರಿಗೆ 80. ಎಸ್ಟೇಟಿನ ಲೈನ್ ಮನೆಯ ಅಜ್ಜಿಗೆ ಆಧಾರ್ ಪ್ರಕಾರ 71, ಅಜ್ಜಿಯ ಪ್ರಕಾರ "ಅದಕ್ಕಿಂತ ಜಾಸ್ತಿನೇ ಇರ್ಬೇಕು".

ಊರ ಹೆಸರು, ಆಸ್ಪತ್ರೆ ಹೆಸರು ಬೇಕೆಂದೇ ಬರೆದಿಲ್ಲ. ಬರೆದರೆ ನಾಳೆ ಅಲ್ಲಿನ ಟೆಕ್ನಿಷಿಯನ್ ಹುಡುಗನಿಗೆ ಒಂದು ನೋಟಿಸ್ ಬರುತ್ತದೆ, ಅಷ್ಟೆ. ತಪ್ಪು ಅವನದಲ್ಲ. ಅವನು ಏನು ಮಾಡುತ್ತಾನೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡಬೇಕು. ಐದು ವರ್ಷದಲ್ಲಿ ಇವರು ಯಾರೂ ಡಯಾಲಿಸಿಸ್‌ಗೆ ಅಂತ ಒಂದು ರೂಪಾಯಿ ಕೊಟ್ಟಿಲ್ಲ. ಇದು ಸಣ್ಣ ಮಾತಲ್ಲ. 2016ರ ಕೇಂದ್ರ ಬಜೆಟ್ ಮಂಡಿಸುವಾಗ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರು ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಪ್ರಕಟಿಸಿದರು. ದೇಶದಲ್ಲಿ ಪ್ರತಿ ವರ್ಷ ಸುಮಾರು 2.2 ಲಕ್ಷ ಜನ ಹೊಸದಾಗಿ ಕಿಡ್ನಿ ಪೂರ್ತಿ ಕೈಕೊಟ್ಟ ಸ್ಥಿತಿಗೆ ಬರುತ್ತಾರೆ, ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 2,000 ರೂಪಾಯಿ, ವರ್ಷಕ್ಕೆ 3 ಲಕ್ಷಕ್ಕೂ ಜಾಸ್ತಿ ಖರ್ಚು ಅಂತ ಲೆಕ್ಕ ಕೊಟ್ಟರು. ಕೇಂದ್ರಗಳೆಲ್ಲ ಹೆಚ್ಚಾಗಿ ಖಾಸಗಿಯವರ ಕೈಯಲ್ಲಿ, ದೊಡ್ಡ ಪಟ್ಟಣಗಳಲ್ಲಿ ಇವೆ ಅಂದರು. ಅದೇ ಭಾಷಣದಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದರು. ಹೆಚ್ಚಿನ ಕುಟುಂಬಗಳು ಡಯಾಲಿಸಿಸ್‌ಗಾಗಿ ಪದೇ ಪದೇ ದೂರ ಹೋಗಬೇಕು, ಪ್ರಯಾಣದ ಖರ್ಚು ಬೇರೆ, ಕೂಲಿ ಹೋಗುವುದು ಬೇರೆ ಅಂತ.

ಡಯಾಲಿಸಿಸ್ ಫ್ರೀ ಆಯಿತು. ಆ ಕೊನೆಯ ಮಾತು ಹಾಗೇ ಉಳಿದುಕೊಂಡಿತು. ಅದು ನನ್ನ ಗಾಡಿಯ ಮೀಟರಿನಲ್ಲಿದೆ.

ಒಂದು ಕಡೆಗೆ 62 ಕಿಲೋಮೀಟರ್. ಹೋಗಿ ಬಂದರೆ 124. ವಾರಕ್ಕೆ ಎರಡು ಸಲದ ಹಾಗೆ ವರ್ಷಕ್ಕೆ 104 ಸಲ. ಹೆಚ್ಚುಕಡಿಮೆ 13,000 ಕಿಲೋಮೀಟರ್. ನಾನು ಒಂದು ದಿನಕ್ಕೆ 1,800 ತಗೊಳ್ಳುತ್ತೇನೆ. ಪೆಟ್ರೋಲ್ ಕಳೆದು, ಟಯರ್, ಬ್ರೇಕ್ ಶೂ ಲೆಕ್ಕ ಹಾಕಿದರೆ ನನಗೂ ಹೆಚ್ಚೇನೂ ಉಳಿಯುವುದಿಲ್ಲ. ಮೂರು ಜನ ಹಂಚಿಕೊಂಡರೂ ತಲೆಗೆ ತಿಂಗಳಿಗೆ ಐದು ಸಾವಿರ ದಾಟುತ್ತದೆ. ಮೇಷ್ಟ್ರಿಗೆ ಪೆನ್ಷನ್ ಇದೆ. ಗೌಡ್ರು ಮೆಣಸು ಮಾರುತ್ತಾರೆ. ಅಜ್ಜಿಯ ಮಗ ಎಸ್ಟೇಟಿನಲ್ಲಿ ದಿನಗೂಲಿ. ಅಮ್ಮನ ಜೊತೆ ಬರುವ ಎರಡು ದಿನ ಅವನ ಕೂಲಿಯೂ ಇಲ್ಲ. ಅವರ ಪಾಲನ್ನು ಎಷ್ಟೋ ಸಲ ಗೌಡ್ರು ಕೊಟ್ಟಿದ್ದಾರೆ, ಅಜ್ಜಿಗೆ ಗೊತ್ತಾಗದ ಹಾಗೆ.

"ಬಸ್ ಫ್ರೀ ಇದೆಯಲ್ಲ" ಅಂತ ಯಾರಾದರೂ ಕೇಳಬಹುದು. ಹೌದು, 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಅಜ್ಜಿಗೆ ಟಿಕೆಟ್ ಬೇಕಾಗಿಲ್ಲ. ಆದರೆ ನಮಗೆ ಸಿಕ್ಕಿರುವುದು ಎರಡನೇ ಪಾಳಿ. ಮಧ್ಯಾಹ್ನ ಹನ್ನೆರಡೂವರೆಗೆ ಶುರುವಾಗಬೇಕು, ಒಂದೂವರೆ ಆಗುತ್ತದೆ. ನಾಲ್ಕು ಗಂಟೆ ಮಿಷನ್. ಆಮೇಲೆ ಸೂಜಿ ತೆಗೆದು, ರಕ್ತ ನಿಲ್ಲುವ ತನಕ ಒತ್ತಿ ಹಿಡಿದು, ಬಿಪಿ ನೋಡಿ ಬಿಡುವಾಗ ಆರು ಗಂಟೆ. ನಮ್ಮ ಕಡೆಯ ಕೊನೆ ಬಸ್ಸು ಐದೂವರೆಗೇ ಹೋಗಿರುತ್ತದೆ. ಟಿಕೆಟ್ ಫ್ರೀ ಇದ್ದರೂ ಹತ್ತಲು ಬಸ್ ಬೇಕಲ್ವಾ?

ಬೆಳಗಿನ ಪಾಳಿ ಯಾರಿಗೆ ಅಂದರೆ, ಆಸ್ಪತ್ರೆಯಿಂದ ಎರಡು ಮೂರು ಕಿಲೋಮೀಟರ್ ಒಳಗಿರುವವರಿಗೆ. ಮೊದಲು ಹೆಸರು ಬರೆಸಿದವರು ಅವರು. ನಾನು ಅವರ ಮೇಲೆ ದೂರು ಹೇಳುತ್ತಿಲ್ಲ. ಆದರೆ ಪಾಳಿ ಹಂಚುವಾಗ ಊರು ಎಷ್ಟು ದೂರ ಅಂತ ಕೇಳುವ ಪದ್ಧತಿಯೇ ಇಲ್ಲ. ಮಳೆಗಾಲದಲ್ಲಿ ನಾವು ಮನೆ ಸೇರುವಾಗ ರಾತ್ರಿ ಒಂಬತ್ತು, ಕೆಲವು ದಿನ ಹತ್ತು. ಆನೆ ಓಡಾಡುತ್ತಿದೆ ಅಂತ ಮೊಬೈಲಿಗೆ ಮೆಸೇಜ್ ಬಂದಿರುತ್ತದೆ. ಡಯಾಲಿಸಿಸ್ ಆದವರಿಗೆ ಮೈಯಲ್ಲಿ ಕಸುವಿರುವುದಿಲ್ಲ. ತಿರುವಿನಲ್ಲಿ ವಾಂತಿ. ಸೀಟಿನ ಹಿಂದೆ ಪ್ಲಾಸ್ಟಿಕ್ ಕವರ್ ನೇತುಹಾಕಿಕೊಂಡೇ ಇರುತ್ತೇನೆ.

ನನ್ನ ಷಡ್ಡಕ ಇರುವುದು ಇದೇ ಜಿಲ್ಲೆಯ ಬಯಲುಸೀಮೆ ಕಡೆ. ಅವನ ಅಪ್ಪನಿಗೂ ಡಯಾಲಿಸಿಸ್ ಆಗುತ್ತದೆ, ವಯಸ್ಸು 78. ಮನೆಯಿಂದ ಆಸ್ಪತ್ರೆಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಬೆಳಗ್ಗೆ ತಿಂಡಿ ತಿಂದು ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ. ಒಂದು ವಾರವೂ ತಪ್ಪಿಸಿಲ್ಲ. ನಮ್ಮ ಅವ್ವ ಒಂದೇ ಮಳೆಗಾಲದಲ್ಲಿ ಐದು ಸಲ ತಪ್ಪಿಸಿಕೊಂಡಿದ್ದಾಳೆ. ಮರ ಬಿದ್ದು ಎರಡು ಸಲ, ಹಳ್ಳದ ನೀರು ರಸ್ತೆಗೆ ಬಂದು ಮೂರು ಸಲ. ಮಲೆನಾಡಿನ ಮಳೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದ್ ಆಗಿದ್ದು ಎಲ್ಲರೂ ನೋಡಿದ್ದಾರೆ. ಭದ್ರೆ ಏರಿದರೆ ಕಳಸದ ಹತ್ತಿರದ ಹೆಬ್ಬಾಳೆ ಸೇತುವೆ ಮುಳುಗುವುದು ಟೀವಿಗೆ ಸುದ್ದಿ. ಆ ಸುದ್ದಿಯಲ್ಲಿ ದಡದ ಆಚೆ ನಿಂತ ಪ್ರವಾಸಿಗಳನ್ನು ತೋರಿಸುತ್ತಾರೆ. ಡಯಾಲಿಸಿಸ್‌ಗೆ ಹೋಗಬೇಕಾದವರು ಮನೆಯೊಳಗೇ ಇರುತ್ತಾರೆ, ಕ್ಯಾಮೆರಾಕ್ಕೆ ಸಿಗುವುದಿಲ್ಲ. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ. ಕಾಲು ಊದುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ. ಅವ್ವ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆದದ್ದನ್ನು ನೋಡಿದ್ದೇನೆ.

ಇನ್ನು ಆ ಟೆಕ್ನಿಷಿಯನ್ ಹುಡುಗನ ವಿಷಯ. ಅದು ಜುಲೈ ತಿಂಗಳು. ಅವ್ವನನ್ನು ಮಿಷನ್ನಿಗೆ ಹಾಕಿ ಎರಡು ಗಂಟೆ ಆಗಿತ್ತು. ಕರೆಂಟ್ ಹೋಯಿತು. ನಮ್ಮ ಕಡೆ ಅದೇನು ವಿಶೇಷವಲ್ಲ, ಆದರೆ ಜನರೇಟರ್ ಹತ್ತಲಿಲ್ಲ. ಯುಪಿಎಸ್ ಕೂಡ ಸ್ವಲ್ಪ ಹೊತ್ತಿಗೆ ಕೈಬಿಟ್ಟಿತು. ಮಿಷನ್ ಕೂಗಿಕೊಳ್ಳಲು ಶುರುಮಾಡಿತು. ರಕ್ತ ಪೈಪಿನಲ್ಲೇ ನಿಂತರೆ ಹೆಪ್ಪುಗಟ್ಟುತ್ತದಂತೆ. ಆ ಹುಡುಗ ಓಡಿ ಬಂದು ಮಿಷನ್ನಿನ ಪಕ್ಕದ ಹಿಡಿಕೆ ತೆಗೆದು, ಬಾವಿಯ ರಾಟೆ ತಿರುಗಿಸುವ ಹಾಗೆ ಪಂಪನ್ನು ಕೈಯಿಂದ ತಿರುಗಿಸಿ ರಕ್ತವನ್ನು ಮೈಗೆ ವಾಪಸ್ ಕಳಿಸಿದ. ಒಬ್ಬರದ್ದು ಮುಗಿಸಿ ಇನ್ನೊಬ್ಬರ ಹತ್ತಿರ ಓಡಿದ. ನಾನು ಮೊಬೈಲ್ ಟಾರ್ಚ್ ಹಿಡಿದು ಹಿಂದೆ ಹಿಂದೆ ಹೋದೆ. ಬೆವರು ಅವನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ನಾಲ್ಕೂ ಜನ ಉಳಿದರು. ಆ ತಿಂಗಳು ಅವನಿಗೆ ಸಂಬಳ ಆಗಿರಲಿಲ್ಲ. ಅವನು ಗುತ್ತಿಗೆ ನೌಕರ.

ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ಆರ್‌ಒ ಯಂತ್ರ ಕೆಟ್ಟರೆ ಇಡೀ ಯೂನಿಟ್ ಬಂದ್. ರಿಪೇರಿ ಮಾಡುವವರು ಬೆಂಗಳೂರಿನಿಂದಲೇ ಬರಬೇಕು ಅಂದರೆ ಎರಡು ದಿನ ಹೋಗುತ್ತದೆ. ಮಿಷನ್ ಕೊಟ್ಟು ರಿಬ್ಬನ್ ಕತ್ತರಿಸಿದ ಮೇಲೂ ಕೆಲಸ ಬೇಕಾದಷ್ಟಿರುತ್ತದೆ ಅಂತ ನನ್ನ ಗಾಡಿಗೆ ಹತ್ತಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮಾನ್ಯರೇ, ಇಲ್ಲಿಯವರೆಗೆ ಹೇಳಿದ್ದು ಡಯಾಲಿಸಿಸ್ ಸಿಕ್ಕವರ ಕಥೆ. ಸಿಗದೇ ಹೋದವರೂ ಇದ್ದಾರೆ.

ಲೈನ್ ಮನೆ ಅಜ್ಜಿಯ ಪಕ್ಕದ ಮನೆಯಲ್ಲಿ ಇನ್ನೊಬ್ಬರು ಅಜ್ಜಿ ಇದ್ದರು. 79 ವರ್ಷ. ಹಿಂದಿನ ತಿಂಗಳು ತನಕ ಕಣದಲ್ಲಿ ಮೆಣಸು ಹರಡುತ್ತಿದ್ದವರು. ಊಟ ಸೇರುತ್ತಿಲ್ಲ, ಮೈ ತುರಿಕೆ ಅಂತ ತೋರಿಸಲು ನಾನೇ ಕರೆದುಕೊಂಡು ಹೋದೆ. ರಕ್ತದ ರಿಪೋರ್ಟ್ ನೋಡಿ ಎರಡು ನಿಮಿಷದಲ್ಲಿ ಮಾತು ಮುಗಿಯಿತು. "ಕಿಡ್ನಿ ಹೋಗಿದೆ. ವಯಸ್ಸಾಯ್ತಲ್ಲ, ಮನೆಗೆ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊಳ್ಳಿ." ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ಏನು ಅಂತ ಯಾರೂ ಹೇಳಲಿಲ್ಲ. ತುರಿಕೆಗೆ ಏನು, ವಾಕರಿಕೆಗೆ ಏನು, ಉಸಿರು ಕಟ್ಟಿದರೆ ಏನು, ಒಂದು ಚೀಟಿ ಇಲ್ಲ. ಅಜ್ಜಿಯನ್ನು ಕೇಳಲೂ ಇಲ್ಲ. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಗಾಡಿಯಲ್ಲಿ "ಏನಂತೆ?" ಅಂದರು. ಮಗ "ಏನಿಲ್ಲ, ಮಾತ್ರೆ ಕೊಟ್ಟಿದಾರೆ" ಅಂದ. ಐದು ವಾರ ಬದುಕಿದ್ದರು.

ಅದೇ ವರ್ಷ ಬೆಂಗಳೂರಿನಲ್ಲಿ ನನ್ನ ಸೋದರಮಾವ. 83 ವರ್ಷ. ಎರಡು ಸಲ ಪಾರ್ಶ್ವವಾಯು ಹೊಡೆದಿತ್ತು. ಮಕ್ಕಳ ಗುರುತೂ ಹತ್ತುತ್ತಿರಲಿಲ್ಲ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಕತ್ತಿಗೆ ಪೈಪ್ ಹಾಕಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುಮಾಡಿದರು. ಪೈಪ್ ಕೀಳಬಾರದು ಅಂತ ಕೈಗಳನ್ನು ಬಟ್ಟೆಯಲ್ಲಿ ಮಂಚಕ್ಕೆ ಕಟ್ಟುತ್ತಿದ್ದರು. ನಾನು ನೋಡಲು ಹೋದ ದಿನ ಮಾವ ಆ ಬಟ್ಟೆಯನ್ನೇ ನೋಡುತ್ತಾ ಮಲಗಿದ್ದರು. ಅತ್ತೆಗೆ ನಿಲ್ಲಿಸಬೇಕು ಅನ್ನಿಸಿತ್ತು. "ನಿಲ್ಸಿ ಅಂತ ನಾನು ಹೆಂಗೆ ಹೇಳ್ಲಿ?" ಅಂತ ಕಾರಿಡಾರಿನಲ್ಲಿ ನನ್ನ ಹತ್ತಿರ ಅತ್ತರು. ಅವರನ್ನು ಕೂರಿಸಿ ಮಾತಾಡುವವರು ಯಾರೂ ಇರಲಿಲ್ಲ.

ಮೆಣಸು ಹರಡುತ್ತಿದ್ದ ಅಜ್ಜಿಗೆ ಡಯಾಲಿಸಿಸ್ ಇಲ್ಲ. ಮಕ್ಕಳ ಗುರುತು ಸಿಗದ ಮಾವನಿಗೆ ವಾರಕ್ಕೆ ಮೂರು. ಇಬ್ಬರೂ ಊರು ಬದಲಾಯಿಸಿಕೊಂಡಿದ್ದರೆ ಚಿಕಿತ್ಸೆಯೂ ಅದಲು ಬದಲಾಗುತ್ತಿತ್ತು ಅಂತ ನನಗೆ ಖಾತ್ರಿ ಇದೆ. ನಾನು ಈ ಪತ್ರ ಬರೆಯಲು ಕೂತದ್ದು ಇದಕ್ಕೇ.

ನನ್ನ ಮಗಳು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಇದನ್ನು ಹೇಳಿದಾಗ ಅವಳು, "ಅಪ್ಪಾ, ಇದು ನಮ್ಮಲ್ಲಿ ಮಾತ್ರ ಅಲ್ಲ" ಅಂದಳು. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಹೇಳಿದಳು. ಅಲ್ಲಿ 65 ದಾಟಿದ ಕಿಡ್ನಿ ರೋಗಿಗಳು ನಲವತ್ತು ಸಾವಿರಕ್ಕೂ ಜಾಸ್ತಿ ಜನರನ್ನು ಪ್ರದೇಶವಾರು ಹೋಲಿಸಿ ನೋಡಿದ್ದಾರೆ. ಕೊನೆಗಾಲದಲ್ಲಿ ಆಸ್ಪತ್ರೆ ಖರ್ಚು ಜಾಸ್ತಿ ಆಗುವ ಪ್ರದೇಶಗಳಲ್ಲಿ ಡಯಾಲಿಸಿಸ್‌ಗೆ ಹೋಗುವ ಮುದುಕರೂ ಜಾಸ್ತಿ. ಆದರೆ ಅದೇ ಪ್ರದೇಶಗಳಲ್ಲಿ ಮೊದಲೇ ಕಿಡ್ನಿ ಡಾಕ್ಟರಿಗೆ ತೋರಿಸಿಕೊಂಡಿದ್ದವರು ಕಡಿಮೆ. ಕೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸುವ ಆಪರೇಷನ್, ಮಾಡಿಸಿಕೊಂಡು ತಯಾರಾಗಿ ಬಂದವರು ಕಡಿಮೆ. ಸಾಕು ಅಂತ ಡಯಾಲಿಸಿಸ್ ನಿಲ್ಲಿಸಿ ತೀರಿಕೊಂಡವರು ಬೇರೆ ಕಡೆಯ ಅರ್ಧದಷ್ಟು. ದುಡ್ಡು ಸುರಿಯುವ ಕಡೆಯೂ ಮುದುಕರ ಜೊತೆ ಮಾತಾಡುವುದು ಕಡಿಮೆಯೇ ಅಂತಾಯಿತು. ಅಲ್ಲಿಯದೇ ಇನ್ನೊಂದು, 2009ರದ್ದು. ವೃದ್ಧಾಶ್ರಮದಲ್ಲಿದ್ದು ಡಯಾಲಿಸಿಸ್ ಶುರುಮಾಡಿದ 3,702 ಜನರಲ್ಲಿ ನೂರಕ್ಕೆ 58 ಜನ ವರ್ಷದೊಳಗೆ ತೀರಿಕೊಂಡರು. ಮೊದಲಿನಷ್ಟೇ ಓಡಾಡಿಕೊಂಡು ಉಳಿದವರು ನೂರಕ್ಕೆ 13.

ಈ ಲೆಕ್ಕ ಹಿಡಿದು "ನೋಡಿ, ವಯಸ್ಸಾದವರಿಗೆ ಡಯಾಲಿಸಿಸ್ ದಂಡ" ಅಂತ ಯಾರೂ ಹೇಳುವುದು ಬೇಡ. ನಮ್ಮ ಗೌಡ್ರಿಗೆ 80. ನಾಲ್ಕನೇ ವರ್ಷ ನಡೆಯುತ್ತಿದೆ. ಬುಧವಾರ, ಗುರುವಾರ ತೋಟದಲ್ಲಿ ಇರುತ್ತಾರೆ. ಹೋದ ವರ್ಷ ಮೊಮ್ಮಗಳ ಮದುವೆಯಲ್ಲಿ ಧಾರೆ ಎರೆದರು. ವಯಸ್ಸು ಒಂದನ್ನೇ ನೋಡಿ ಹೇಳುವುದಾದರೆ ಗೌಡ್ರನ್ನೂ ಎರಡು ನಿಮಿಷದಲ್ಲಿ ಮನೆಗೆ ಕಳಿಸಬೇಕಾಗಿತ್ತು.

ಅವ್ವನ ವಿಷಯದಲ್ಲಿ ಎಡವಟ್ಟು ಶುರುವಿನಲ್ಲೇ ಆಗಿತ್ತು. ಅವಳಿಗೆ 74 ಇದ್ದಾಗ ಕಾಲು ಊತ ಅಂತ ರಕ್ತ ಪರೀಕ್ಷೆ ಮಾಡಿಸಿದ್ದೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ 1.4 ಬಂತು. "ಸ್ವಲ್ಪ ಜಾಸ್ತಿ ಇದೆ, ಪರವಾಗಿಲ್ಲ" ಅಂದರು. ನಾವೂ ಸುಮ್ನಾದೆವು. ಎರಡು ವರ್ಷ ಬಿಟ್ಟು ಒಂದು ರಾತ್ರಿ ಉಸಿರು ಸಿಗದೆ ಒದ್ದಾಡಿ ಅಡ್ಮಿಟ್ ಮಾಡಿದಾಗ ಅದು 8 ದಾಟಿತ್ತು. ಮೊನ್ನೆ ಮಗಳು ಆ ಹಳೇ ರಿಪೋರ್ಟ್ ಹಿಡಿದು ಲೆಕ್ಕ ಹಾಕಿದಳು. ಆ ವಯಸ್ಸಿನ ಹೆಂಗಸಿಗೆ 1.4 ಅಂದರೆ ಕಿಡ್ನಿ ಸೋಸುವ ಶಕ್ತಿ, ಇಜಿಎಫ್ಆರ್ ಅಂತಾರೆ, ಆಗಲೇ 40ರ ಕೆಳಗೆ. ಅವ್ವನ ಥರ ಕಡ್ಡಿಯಂತಿರುವವರಿಗೆ ಮೈಯಲ್ಲಿ ಮಾಂಸಖಂಡ ಕಡಿಮೆ, ಅದಕ್ಕೇ ಕ್ರಿಯಾಟಿನಿನ್ ಏರುವುದೂ ನಿಧಾನ. ಬರೀ ಆ ನಂಬರ್ ನೋಡಿದರೆ ಮೋಸ ಹೋಗುತ್ತೇವೆ. ರಿಪೋರ್ಟಿನಲ್ಲಿ ಇಜಿಎಫ್ಆರ್ ಅಂತ ಇನ್ನೊಂದು ಸಾಲು ಇದ್ದಿದ್ದರೆ ನಮಗೆ ಎರಡು ವರ್ಷ ಸಿಗುತ್ತಿತ್ತು. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುತ್ತಿದ್ದ ಮಾತ್ರೆಗಳನ್ನಾದರೂ ನಿಲ್ಲಿಸುತ್ತಿದ್ದೆವು. ಎಸ್ಟೇಟ್ ಕಡೆ ನೋವಿನ ಮಾತ್ರೆ ಇಲ್ಲದ ಮನೆ ಇಲ್ಲ ಸ್ವಾಮಿ. ಕಿಡ್ನಿಗೆ ಅದು ಎಷ್ಟು ಕೆಟ್ಟದ್ದು ಅಂತ ನಮಗೆ ಗೊತ್ತಾಗಿದ್ದು ಡಯಾಲಿಸಿಸ್ ರೂಮಿನ ಹೊರಗಿನ ಬೆಂಚಿನಲ್ಲಿ. ದಾರೆಹುಳಿ ವಿಷಯವೂ ಹಾಗೇ. ನಮ್ಮ ಹಿತ್ತಲಿನಲ್ಲಿ ಮರ ಇದೆ, ಉಪ್ಪಿನಕಾಯಿ ಹಾಕುತ್ತೇವೆ. ಕಿಡ್ನಿ ಕೆಟ್ಟವರಿಗೆ ಅದು ವಿಷ, ತಲೆಗೇ ಏರುತ್ತದೆ ಅಂತ ಹೇಳಿದ್ದು ಮೇಷ್ಟ್ರು. ಅವರು ಎಲ್ಲಿಯೋ ಓದಿದ್ದರು.

ತಯಾರಿ ಇಲ್ಲದೆ ಬಂದವರಿಗೆ ಕತ್ತಿನ ಪೈಪೇ ಗತಿ. ಅದರಿಂದ ಸೋಂಕು ಆಗುವುದು ಜಾಸ್ತಿ. ಕೈಯ ಫಿಸ್ಟುಲಾ ಒಳ್ಳೆಯದು, ಆದರೆ ಆಪರೇಷನ್ ಆಗಿ ಅದು ಬಲಿಯಲು ಒಂದೂವರೆ ಎರಡು ತಿಂಗಳು ಬೇಕು. ನನ್ನ ಗಾಡಿಯವರೆಲ್ಲ ಅದನ್ನು ಮಾಡಿಸಲು ಮಂಗಳೂರಿಗೋ ಬೆಂಗಳೂರಿಗೋ ಹೋಗಿಬಂದವರೇ. ಅವ್ವನಿಗೆ ಮಾಡಿಸುವಷ್ಟರಲ್ಲಿ ಕತ್ತಿನ ಪೈಪಿನಿಂದ ಎರಡು ಸಲ ಚಳಿಜ್ವರ ಬಂದು ಹೋಗಿತ್ತು.

ಈಗ ನನ್ನ ಕೋರಿಕೆಗಳು.

ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಬಂದು ಬಿಪಿ, ಶುಗರ್ ನೋಡುತ್ತಾರಲ್ಲ, ಅಲ್ಲಿ ಬಿಪಿ, ಶುಗರ್ ಇದ್ದ ಹಿರಿಯರಿಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಅಂತಲೂ ನೋಡಿಸಿ. ಒಂದು ಪಟ್ಟಿ ಅದ್ದಿ ನೋಡುವ ಕೆಲಸ ಅದು. ಸರ್ಕಾರಿ ಲ್ಯಾಬುಗಳಲ್ಲಿ ಕ್ರಿಯಾಟಿನಿನ್ ಕೊಡುವಾಗ ಪಕ್ಕದಲ್ಲೇ ಇಜಿಎಫ್ಆರ್ ಅಚ್ಚಾಗಲಿ. ವಯಸ್ಸು ಮತ್ತು ಗಂಡೋ ಹೆಣ್ಣೋ ಅಂತ ಹಾಕಿದರೆ ಕಂಪ್ಯೂಟರೇ ಲೆಕ್ಕ ಮಾಡುತ್ತದೆ, ಒಂದು ಪೈಸೆ ಖರ್ಚಿಲ್ಲ. ಕಡಿಮೆ ಇದ್ದವರ ಪಟ್ಟಿ ಜಿಲ್ಲಾ ಕೇಂದ್ರಕ್ಕೆ ಹೋಗಲಿ. ತಿಂಗಳಿಗೊಮ್ಮೆಯಾದರೂ ಒಬ್ಬ ಕಿಡ್ನಿ ಡಾಕ್ಟರ್ ಮಲೆನಾಡಿನ ತಾಲ್ಲೂಕುಗಳಿಗೆ ಬಂದು ಕೂರಲಿ. ಬರಲಾಗದಿದ್ದರೆ ವಿಡಿಯೋದಲ್ಲಾದರೂ ನೋಡಲಿ.

ಪಾಳಿ ಹಂಚುವಾಗ ದೂರದವರಿಗೆ ಬೆಳಗಿನದ್ದು ಕೊಡಿ ಅಂತ ಒಂದು ಆದೇಶ ಸಾಕು. ಇದಕ್ಕೆ ಬಜೆಟ್ ಬೇಡ, ಬರೀ ಒಂದು ಸಹಿ. ಪ್ರಯಾಣಕ್ಕೆ, ಕಿಲೋಮೀಟರ್ ಲೆಕ್ಕದಲ್ಲಿ ನೇರ ರೋಗಿಯ ಖಾತೆಗೆ ಏನಾದರೂ ಕೊಡಿ. ಅಥವಾ ಆಸ್ಪತ್ರೆಯಿಂದಲೇ ಒಂದು ವ್ಯಾನ್ ಓಡಿಸಿ. ನನ್ನ ಬಾಡಿಗೆ ಹೋಗುತ್ತದೆ, ಹೋಗಲಿ. ಮದುವೆ ಸೀಸನ್ ಇದೆ.

ಎಲ್ಲಕ್ಕಿಂತ ಮುಖ್ಯವಾಗಿ ಹೊಟ್ಟೆಯ ಡಯಾಲಿಸಿಸ್ ಬಗ್ಗೆ ಕೇಳುತ್ತೇನೆ. ಪೆರಿಟೋನಿಯಲ್ ಡಯಾಲಿಸಿಸ್ ಅಂತಾರೆ. ಹೊಟ್ಟೆಗೆ ಒಂದು ಸಣ್ಣ ಪೈಪ್ ಇಟ್ಟು, ದಿನಕ್ಕೆ ಮೂರು ನಾಲ್ಕು ಸಲ ಎರಡು ಲೀಟರಿನ ಚೀಲದ ನೀರು ಒಳಗೆ ಬಿಟ್ಟು, ಕೆಲವು ಗಂಟೆ ಬಿಟ್ಟು ತೆಗೆಯುವುದು. ಮನೆಯಲ್ಲೇ ಆಗುತ್ತದೆ. ಮಿಷನ್ ಬೇಡ, ಕರೆಂಟ್ ಬೇಡ, ಘಾಟಿ ದಾಟುವುದು ಬೇಡ. ಕೇಂದ್ರ ಸರ್ಕಾರ 2019ರಲ್ಲೇ ಇದನ್ನು ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮಕ್ಕೆ ಸೇರಿಸಿ ಮಾರ್ಗಸೂಚಿ ಹೊರಡಿಸಿದೆ. ಐದು ವರ್ಷದಲ್ಲಿ ನನ್ನ ಗಾಡಿ ಹತ್ತಿದ ಒಬ್ಬ ಹಿರಿಯರಿಗೂ ಇಂಥದ್ದೊಂದಿದೆ ಅಂತ ಯಾರೂ ಹೇಳಿಲ್ಲ. ಎಲ್ಲರಿಗೂ ಆಗುವುದಿಲ್ಲ, ಗೊತ್ತು. ಕೈ ಶುದ್ಧ ಇರಬೇಕು, ಇಲ್ಲದಿದ್ದರೆ ಹೊಟ್ಟೆಯೊಳಗೆ ಸೋಂಕು. ಲೈನ್ ಮನೆಯ ಒಂದೇ ರೂಮಿನಲ್ಲಿ, ಸೌದೆ ಒಲೆ ಪಕ್ಕದಲ್ಲಿ ಅಜ್ಜಿಗೆ ಕಷ್ಟ. ಆದರೆ ಮೇಷ್ಟ್ರ ಮನೆಯಲ್ಲಿ ಬೇರೆ ಕೋಣೆ ಇದೆ, ಸೊಸೆ ಓದಿದವಳು. ಅವರನ್ನು 62 ಕಿಲೋಮೀಟರ್ ಯಾಕೆ ಓಡಾಡಿಸಬೇಕು? ದಿನಕ್ಕೆ ನಾಲ್ಕರಂತೆ ತಿಂಗಳಿಗೆ 120 ಚೀಲ, ಹೆಚ್ಚುಕಡಿಮೆ 240 ಕೆಜಿ. ನನ್ನ ಓಮ್ನಿಯಲ್ಲಿ ಒಂದೇ ಟ್ರಿಪ್ಪು. ಗ್ಯಾಸ್ ಸಿಲಿಂಡರ್ ಮನೆ ಬಾಗಿಲಿಗೆ ಬರುವ ಊರಿಗೆ ಈ ಚೀಲವೂ ಬರಬಹುದು. ಮಳೆಗಾಲಕ್ಕೆ ಮೊದಲು ಸೌದೆ ಕೂಡಿಡುವ ಹಾಗೆ ಇದನ್ನೂ ಕೂಡಿಡುತ್ತೇವೆ. ಮಲೆನಾಡಿನವರಿಗೆ ಅದು ಹೇಳಿಕೊಡಬೇಕಾದ ವಿದ್ಯೆ ಅಲ್ಲ.

ಮತ್ತೊಂದು, ಲೆಕ್ಕ ಇಡಿ. ಡಯಾಲಿಸಿಸ್ ಎಷ್ಟು ಮಾಡಿದೆವು ಅಂತ ಇಲಾಖೆಯ ಹತ್ತಿರ ಲೆಕ್ಕ ಇರುತ್ತದೆ. ಕಿಡ್ನಿ ಹೋಗಿದೆ ಅಂತ ಗೊತ್ತಾದ ಮೇಲೂ ಮನೆಗೆ ಹೋದವರು ಎಷ್ಟು ಅಂತ? ಕೆನಡಾದ ಅಲ್ಬರ್ಟಾ ಪ್ರಾಂತ್ಯದಲ್ಲಿ 18 ಲಕ್ಷ ಜನರ ಲ್ಯಾಬ್ ರಿಪೋರ್ಟುಗಳನ್ನು ಡಯಾಲಿಸಿಸ್ ಪಟ್ಟಿಯ ಜೊತೆ ತಾಳೆ ನೋಡಿ 2012ರಲ್ಲಿ ಪ್ರಕಟಿಸಿದರಂತೆ. ಚಿಕಿತ್ಸೆ ಇಲ್ಲದೆ ಉಳಿದವರು ವಯಸ್ಸಾದವರಲ್ಲೇ ಬಹಳ ಜಾಸ್ತಿ ಅಂತ ಆಗ ಕಣ್ಣಿಗೆ ಬಿತ್ತು. ನಮ್ಮ ಜಿಲ್ಲೆಯಲ್ಲೂ ತಾಲ್ಲೂಕುವಾರು, ವಯಸ್ಸುವಾರು ಹಾಗೆ ತಾಳೆ ನೋಡಿ. ಕಡೂರು, ತರೀಕೆರೆ ಕಡೆ ಎಷ್ಟು, ಮೂಡಿಗೆರೆ, ಕೊಪ್ಪ, ಕಳಸದ ಕಡೆ ಎಷ್ಟು ಅಂತ ಗೋಡೆಗೆ ಅಂಟಿಸಿ. ಆ ಮೆಣಸಿನ ಕಣದ ಅಜ್ಜಿ ಯಾವ ಪಟ್ಟಿಯಲ್ಲೂ ಇಲ್ಲ ಮಾನ್ಯರೇ.

ಕೊನೆಯ ಕೋರಿಕೆ ಬರೆಯುವುದು ನನಗೆ ಸ್ವಲ್ಪ ಕಷ್ಟ.

ಎರಡೂವರೆ ವರ್ಷ ಆದಮೇಲೆ ಒಂದು ಶುಕ್ರವಾರ ವಾಪಸ್ ಬರುವಾಗ ಅವ್ವ "ಇನ್ ಸಾಕು ಕಣೋ" ಅಂದಳು. ತಿರುವಿಗೆ ಸುಸ್ತಾಗಿರಬೇಕು ಅಂದುಕೊಂಡು ಗಾಡಿ ನಿಧಾನ ಮಾಡಿದೆ. "ಗಾಡಿ ಅಲ್ಲ ಕಣೋ" ಅಂದಳು. ಮನೆಯಲ್ಲಿ ಒಂದು ವಾರ ಮಾತಾಡಿದೆವು. ತಂಗಿ ಜಗಳ ಮಾಡಿದಳು. ಅವ್ವ ತನ್ನ ಮಾತು ಬದಲಾಯಿಸಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ, ನಿಲ್ಲಿಸಿದರೆ ಹೆಚ್ಚು ದಿನ ಇರಲ್ಲ ಅಂದರು, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅಷ್ಟೆ. ಮೊದಲ ಆರು ದಿನ ಅವ್ವ ಚೆನ್ನಾಗಿಯೇ ಇದ್ದಳು. ವರ್ಷಗಳಿಂದ ಅಳೆದು ಕುಡಿಯುತ್ತಿದ್ದ ಕಾಫಿಯನ್ನು ಒಂದು ಇಡೀ ಲೋಟ ಕುಡಿದಳು. ಹಲಸಿನ ತೊಳೆ ತಿಂದಳು. ಏಳನೇ ದಿನ ಉಸಿರಾಟದ ಕಷ್ಟ ಶುರುವಾಯಿತು. ಏನು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು, ನಮಗೆ ಗೊತ್ತಿರಲಿಲ್ಲ. ಆ ಕಷ್ಟ ಇಳಿಸುವ ಔಷಧ ಇದೆ, ಮನೆಯಲ್ಲೇ ಕೊಡಬಹುದು ಅಂತ ಮಗಳು ಹೇಳಿದ್ದು ಆಮೇಲೆ, ಅವಳ ಪಾಠದಲ್ಲಿ ಬಂದಾಗ. ಆ ರಾತ್ರಿ ನೋಡಲಾಗದೆ ಗಾಡಿಗೆ ಹಾಕಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ, ತಂಗಿಯ ತೊಡೆಯ ಮೇಲೆ ಹೋದಳು. ಯಾವ ರಸ್ತೆ ಸಾಕು ಅಂದಿದ್ದಳೋ ಅದೇ ರಸ್ತೆಯಲ್ಲಿ.

ಅದಕ್ಕೇ ಕೇಳುತ್ತೇನೆ. ಡಯಾಲಿಸಿಸ್ ಶುರುಮಾಡುವ ಮೊದಲು ಆ ಹಿರಿಯರನ್ನೇ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡುವುದನ್ನು ನಿಯಮ ಮಾಡಿ. ಮಗನ ಹತ್ತಿರ ಮಾತ್ರ ಅಲ್ಲ, ಅವರ ಹತ್ತಿರ. ಇದು ಮಾಡಿಸಿದರೆ ಹೀಗೆ, ಮನೆಯಲ್ಲಿ ಮಾಡಿಕೊಂಡರೆ ಹೀಗೆ, ಬೇಡ ಅಂದರೆ ಹೀಗೆ ನೋಡಿಕೊಳ್ಳುತ್ತೇವೆ ಅಂತ ಕನ್ನಡದಲ್ಲಿ ಹೇಳಿ. ಬೇಡ ಅಂದವರ ಮನೆಗೆ ಔಷಧದ ಜೊತೆ ಒಬ್ಬ ನರ್ಸ್ ಹೋಗುವ ವ್ಯವಸ್ಥೆ ಇರಲಿ. ಸರ್ಕಾರಿ, ಖಾಸಗಿ ಎರಡಕ್ಕೂ ಇದೇ ನಿಯಮ ಇರಲಿ, ಮೂಡಿಗೆರೆಗೂ ಬೆಂಗಳೂರಿಗೂ ಇದೇ ಇರಲಿ.

ನಿಮ್ಮ ಕಡೆಯಿಂದ ಯಾರಾದರೂ ಅಧಿಕಾರಿಗಳು ಒಂದು ಶುಕ್ರವಾರ ನಮ್ಮ ಜೊತೆ ಬರಲಿ. ಗಾಡಿ ಬೆಳಗ್ಗೆ ಒಂಬತ್ತಕ್ಕೆ ಮೇಷ್ಟ್ರ ಮನೆಯಿಂದ ಹೊರಡುತ್ತದೆ. ಮುಂದಿನ ಸೀಟು ಖಾಲಿ ಇರುತ್ತದೆ. ಅವರಿಂದ ಬಾಡಿಗೆ ತಗೊಳ್ಳುವುದಿಲ್ಲ. ರಾತ್ರಿ ವಾಪಸ್ ಬರುವಾಗ ತಿರುವುಗಳಲ್ಲಿ ಅಜ್ಜಿಗೆ ಕವರ್ ಹಿಡಿಯಲು ಒಬ್ಬರು ಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓಮ್ನಿ ಚಾಲಕ,
ಚಿಕ್ಕಮಗಳೂರು ಜಿಲ್ಲೆ.